ಗಾಡ್ವಿಟ್ ಗುಂಪಿನೊಳಗೊಂದು ಡೌವಿಚರ್: ಚಿಲಿಕಾ ಸರೋವರದಲ್ಲಿ ಹಕ್ಕಿ ಹುಡುಕುತ್ತಾ

ಏಷ್ಯನ್ ಡೌವಿಚರ್ ಎಂಬ ವಲಸೆ ಹಕ್ಕಿಯನ್ನು ನೋಡಬೇಕು ಅಂತ ಹೊರಟವರು ಮೊದಲು ಗಾಡ್ವಿಟ್ ಎಂಬ ಇನ್ನೊಂದು ಹಕ್ಕಿಯನ್ನು ನೋಡುವುದನ್ನು ಕಲಿಯಬೇಕು. ನಮ್ಮ ದೇಶದಲ್ಲಿ ಡೌವಿಚರ್ ಒಂಟಿಯಾಗಿ ಸಿಗುವುದು ಕಡಿಮೆ. ಕರಿಬಾಲದ ಗಾಡ್ವಿಟ್‌ಗಳ ದೊಡ್ಡ ಗುಂಪಿನಲ್ಲಿ ಒಂದೋ ಎರಡೋ ಸೇರಿಕೊಂಡಿರುತ್ತವೆ. ಎರಡೂ ನೀರಲ್ಲಿ ನಿಂತು ಕೆಸರು ಕೆದಕುವ ಹಕ್ಕಿಗಳು. ಎರಡಕ್ಕೂ ಉದ್ದ ಕೊಕ್ಕು. ಚಳಿಗಾಲದಲ್ಲಿ ಎರಡಕ್ಕೂ ಮಾಸಿದ ಬೂದು ಬಣ್ಣ. ಮಂಗೋಲಿಯಾ, ಸೈಬೀರಿಯಾ ಮತ್ತು ಉತ್ತರ ಚೀನಾದ ಹುಲ್ಲುಗಾವಲಿನ ಜೌಗುಗಳಲ್ಲಿ ಮರಿ ಮಾಡುವ ಡೌವಿಚರ್, ಚಳಿಗಾಲಕ್ಕೆ ಹೆಚ್ಚಾಗಿ ಇಂಡೋನೇಷ್ಯಾದ ಸುಮಾತ್ರಾ ಕಡೆ ಹೋಗುತ್ತದೆ. ಭಾರತಕ್ಕೆ ಬರುವವು ಕೆಲವೇ ಕೆಲವು. ಅವು ಕಾಣುವ ಜಾಗಗಳಲ್ಲಿ ಒಡಿಶಾದ ಚಿಲಿಕಾ ಸರೋವರ ಮುಖ್ಯವಾದದ್ದು. ಜನವರಿ ಕೊನೆಯಲ್ಲಿ ನಾನೂ ನನ್ನ ಗೆಳೆಯನೂ ಅಲ್ಲಿಗೆ ಹೊರಟೆವು.

ಗುರುವಾರ: ದಯಾ ನದಿಯ ಗುಂಟ

ಬೆಂಗಳೂರಿನಿಂದ ಭುವನೇಶ್ವರಕ್ಕೆ ರೈಲಿನಲ್ಲಿ ಒಂದು ದಿನಕ್ಕಿಂತ ಜಾಸ್ತಿ ಹಿಡಿಯುತ್ತದೆ. ಆದರೂ ರೈಲೇ ಒಳ್ಳೆಯದು. ಆಂಧ್ರ ದಾಟಿ ಒಡಿಶಾ ಹೊಕ್ಕ ಮೇಲೆ ಹಳಿ ಚಿಲಿಕಾದ ಪಕ್ಕದಲ್ಲೇ ಸಾಗುತ್ತದೆ. ರಂಭಾ, ಬಾಲುಗಾಂವ್ ಆಸುಪಾಸಿನಲ್ಲಿ ಕಿಟಕಿಯಿಂದಲೇ ನೀರು ಕಾಣುತ್ತದೆ. ಗದ್ದೆಗಳಲ್ಲಿ ಬಾಯ್ಕಳಕ ಕೊಕ್ಕರೆಗಳು ಸಾಲಾಗಿ ನಿಂತಿರುತ್ತವೆ.

ಬೆಳಿಗ್ಗೆ ಮೊದಲು ಧೌಲಿಗೆ ಹೋದೆವು. ಭುವನೇಶ್ವರದ ಅಂಚಿನಲ್ಲಿರುವ ಸಣ್ಣ ಗುಡ್ಡ ಅದು. ಕೆಳಗೆ ದಯಾ ನದಿ. ಕಳಿಂಗ ಯುದ್ಧ ಇಲ್ಲೇ ಸುತ್ತಮುತ್ತ ನಡೆಯಿತು ಅಂತ ನಂಬಿಕೆ. ಬಂಡೆಯ ಮೇಲೆ ಅಶೋಕನ ಶಾಸನಗಳಿವೆ, ಮೇಲೆ ಕಲ್ಲಿನಲ್ಲಿ ಕಡೆದ ಆನೆಯ ಮುಂಭಾಗವಿದೆ. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಶಾಸನದಲ್ಲೂ ಇಲ್ಲಿರುವ ಪ್ರತ್ಯೇಕ ಕಳಿಂಗ ಶಾಸನಗಳೇ ಇವೆ. ನನಗೆ ಹೆಚ್ಚು ಹಿಡಿಸಿದ್ದು ಮೊದಲ ಶಾಸನ. ಅರಮನೆಯ ಅಡುಗೆಗೆ ಮೊದಲು ದಿನವೂ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರು, ಈಗ ದಿನಕ್ಕೆ ಎರಡು ನವಿಲು, ಒಂದು ಜಿಂಕೆ ಮಾತ್ರ, ಜಿಂಕೆಯೂ ಯಾವಾಗಲೂ ಇಲ್ಲ, ಮುಂದೆ ಇವನ್ನೂ ಕೊಲ್ಲುವುದಿಲ್ಲ ಅಂತ ಅದರಲ್ಲಿದೆ. ರಾಜನೊಬ್ಬ ಲೆಕ್ಕ ಒಪ್ಪಿಸಿದ ಹಾಗೆ ಇಷ್ಟು ನೇರವಾಗಿ ಬರೆಸಿದ್ದಾನಲ್ಲ ಅಂತ ಅನ್ನಿಸಿತು.

ಈ ದಯಾ ನದಿಯೇ ಮುಂದೆ ಹೋಗಿ ಚಿಲಿಕಾ ಸೇರುತ್ತದೆ. ಮಹಾನದಿಯ ಕವಲುಗಳಾದ ದಯಾ, ಭಾರ್ಗವಿ, ಮಕರಾ, ಲೂಣಾ ಉತ್ತರದಿಂದ ಸಿಹಿನೀರು ತಂದು ಸುರಿಯುತ್ತವೆ. ಇನ್ನೊಂದು ಕಡೆಯಿಂದ ಬಂಗಾಳ ಕೊಲ್ಲಿಯ ಉಪ್ಪುನೀರು ನುಗ್ಗುತ್ತದೆ. ಹಾಗಾಗಿ ಚಿಲಿಕಾದ ನೀರು ಎಲ್ಲ ಕಡೆ ಒಂದೇ ಥರ ಇಲ್ಲ. ಉತ್ತರದಲ್ಲಿ ಹೆಚ್ಚುಕಡಿಮೆ ಸಿಹಿ, ನಡುವೆ ಸಪ್ಪೆ ಉಪ್ಪು, ಅಳಿವೆಯ ಹತ್ತಿರ ಪೂರಾ ಉಪ್ಪು. ಮಳೆಗಾಲದಲ್ಲಿ ಸರೋವರ 1,165 ಚದರ ಕಿಲೋಮೀಟರ್‌ವರೆಗೆ ಹರಡಿಕೊಳ್ಳುತ್ತದೆ, ಬೇಸಿಗೆಯಲ್ಲಿ 906ರ ಹತ್ತಿರಕ್ಕೆ ಇಳಿಯುತ್ತದೆ. ಆ ವ್ಯತ್ಯಾಸದ ಜಾಗವೇ ಕೆಸರು. ನೀರು ಹಿಂದೆ ಸರಿದ ಹಾಗೆ ಹುಳ, ಸೀಗಡಿ, ಸಣ್ಣ ಚಿಪ್ಪುಗಳಿಂದ ತುಂಬಿದ ಕೆಸರು ಮೇಲೆ ಬರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಉತ್ತರದಿಂದ ಹಕ್ಕಿಗಳು ಬಂದಿಳಿಯುತ್ತವೆ.

ಮಧ್ಯಾಹ್ನ ಚೆನ್ನೈ ಹೆದ್ದಾರಿ ಹಿಡಿದು, ಟಾಂಗಿ ಹತ್ತಿರ ಒಳದಾರಿಗೆ ತಿರುಗಿ ಮಂಗಳಾಜೋಡಿ ಸೇರಿದೆವು. ಇದು ಸರೋವರದ ಉತ್ತರದ ಅಂಚಿನ ಊರು. ಊರು ಮುಗಿದ ಮೇಲೆ ಜೌಗಿನ ನಡುವೆ ಏರಿಯ ಮೇಲೆ ಮಣ್ಣಿನ ದಾರಿ. ಎರಡೂ ಕಡೆ ಜೊಂಡು. ಏರಿಯ ಮೇಲೆ ನಿಂತರೆ ಸಾಕು, ನೇರಳೆ ಜಂಬುಕೋಳಿ, ದೇವನಕ್ಕಿ, ಮೆಟ್ಟುಗಾಲು ಹಕ್ಕಿ ಎಲ್ಲವೂ ಕಣ್ಣಳತೆಯಲ್ಲೇ. ಸಂಜೆ ದೋಣಿಯಲ್ಲಿ ಒಂದು ಸುತ್ತು ಹಾಕಿದೆವು. ಬೆಳಕು ಬೇಗ ಹೋಯಿತು. ರಾತ್ರಿ ಉಳಿದುಕೊಂಡ ಮನೆಯಲ್ಲಿ ಅನ್ನ, ದಾಲ್ಮಾ, ಹುರಿದ ಮೀನು. ದಾಲ್ಮಾ ಅಂದ್ರೆ ಬೇಳೆ ಜೊತೆ ತರಕಾರಿ ಬೇಯಿಸಿದ್ದು. ನಮ್ಮವರಿಗೆ ಬಾಯಿಗೆ ಹಿಡಿಸುವ ಊಟ.

ಶುಕ್ರವಾರ: ಮಂಗಳಾಜೋಡಿಯ ಜೌಗು

ಆರಕ್ಕೆಲ್ಲ ದೋಣಿ ಹತ್ತಿದೆವು. ಇಲ್ಲಿನದು ಚಪ್ಪಟೆ ತಳದ ಮರದ ದೋಣಿ, ಮೋಟಾರ್ ಇಲ್ಲ. ಹಿಂದೆ ನಿಂತವರು ಉದ್ದ ಬಿದಿರಿನ ಗಳುವಿನಿಂದ ನೆಲ ಒತ್ತಿ ದೋಣಿ ನೂಕುತ್ತಾರೆ. ನೀರು ಮೊಣಕಾಲಿನಷ್ಟೂ ಇರದ ಕಡೆಯೂ ಅದು ಜಾರಿಕೊಂಡು ಹೋಗುತ್ತದೆ. ಸದ್ದು ಅಂದರೆ ಗಳು ಎತ್ತಿದಾಗ ಸುರಿಯುವ ನೀರಿನದು ಮಾತ್ರ.

ನಮ್ಮ ದೋಣಿಯವರಿಗೆ ಐವತ್ತು ದಾಟಿರಬೇಕು. ನಮಗೆ ಒಡಿಯಾ ಬರದು, ಅವರಿಗೆ ಹಿಂದಿ ಅಷ್ಟಕ್ಕಷ್ಟೇ. ಆದರೆ ಹಕ್ಕಿಗಳ ಇಂಗ್ಲಿಷ್ ಹೆಸರು ಒಂದೂ ತಪ್ಪುತ್ತಿರಲಿಲ್ಲ. ಮಂಜಿನಲ್ಲಿ ಏನೂ ಕಾಣದಿದ್ದಾಗ ಕೂಗು ಕೇಳಿಯೇ ಹೇಳುತ್ತಿದ್ದರು: ಮಾರ್ಷ್ ಸ್ಯಾಂಡ್‌ಪೈಪರ್, ವುಡ್ ಸ್ಯಾಂಡ್‌ಪೈಪರ್, ಗೋಲ್ಡನ್ ಪ್ಲೋವರ್. ಒಮ್ಮೆ ಬಾಯಿಗೆ ಕೈ ಅಡ್ಡ ಹಿಡಿದು ಜೊಂಡಿನ ಕಡೆ ಒಂದು ಸಿಳ್ಳೆ ಹಾಕಿದರು. ಒಳಗಿಂದ ಅದೇ ಸಿಳ್ಳೆ ವಾಪಸ್ ಬಂತು. ಎಲ್ಲಿ ಕಲಿತಿರಿ ಅಂತ ಗೆಳೆಯ ಕೇಳಿದ. ‘ಶಿಕಾರ್’ ಅಂದರು, ಅಷ್ಟೇ.

ಮಂಗಳಾಜೋಡಿ ಮೊದಲು ಬೇಟೆಯ ಊರು. ಬಲೆ ಹಾಕಿ, ವಿಷ ಇಟ್ಟು ಹಕ್ಕಿ ಹಿಡಿದು ಮಾಂಸಕ್ಕೆ ಮಾರುತ್ತಿದ್ದರು. ಚಳಿಗಾಲದ ದುಡಿಮೆಯೇ ಅದು. 1990ರ ದಶಕದ ಕೊನೆಗೆ ಹಕ್ಕಿಗಳು ಕಡಿಮೆಯಾಗುತ್ತಾ ಬಂದವು. ಆಗ ನಂದಕಿಶೋರ್ ಭುಜಬಲ್ ಎಂಬ ಪರಿಸರ ಕಾರ್ಯಕರ್ತರು ಇಲ್ಲಿಗೆ ಬಂದು ಬೇಟೆಗಾರರ ಜೊತೆಗೇ ಕೂತು ಮಾತಾಡತೊಡಗಿದರು. 2000ದಲ್ಲಿ ಊರಿನವರೇ ಸೇರಿ ಶ್ರೀ ಶ್ರೀ ಮಹಾವೀರ ಪಕ್ಷಿ ಸುರಕ್ಷಾ ಸಮಿತಿ ಕಟ್ಟಿಕೊಂಡರು. ಬಲೆ ಹಾಕುತ್ತಿದ್ದವರೇ ರಾತ್ರಿ ಕಾವಲಿಗೆ ನಿಂತರು. ಈಗ ಅವರೂ ಅವರ ಮಕ್ಕಳೂ ದೋಣಿ ನಡೆಸುತ್ತಾರೆ, ಹಕ್ಕಿ ತೋರಿಸುತ್ತಾರೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಜನ ಹೆಜ್ಜಾರ್ಲೆಗಳನ್ನು ತಲೆತಲಾಂತರದಿಂದ ಮನೆಯವರ ಥರ ನೋಡಿಕೊಂಡು ಬಂದಿದ್ದಾರೆ. ಅದು ದೊಡ್ಡದೇ. ಆದರೆ ಹೊಟ್ಟೆಪಾಡಿನ ಕಸುಬನ್ನೇ ಬಿಟ್ಟು ಈ ಕಡೆ ಬರುವುದು ಇನ್ನೂ ಕಷ್ಟದ ಕೆಲಸ ಅಂತ ನಾನು ತಿಳಿದಿದ್ದೇನೆ. ಬಿಟ್ಟ ದಿನದಿಂದಲೇ ಪ್ರವಾಸಿಗರು ಬಂದು ಸಾಲು ನಿಲ್ಲಲಿಲ್ಲವಲ್ಲ. ನಡುವಿನ ವರ್ಷಗಳನ್ನು ಅವರು ಹೇಗೋ ದಾಟಿದ್ದಾರೆ.

ಎಂಟರ ಹೊತ್ತಿಗೆ ಮಂಜು ಸರಿಯಿತು. ಮುಂದೆ ಗಾಡ್ವಿಟ್‌ಗಳು. ಎಷ್ಟು ಅಂತ ಎಣಿಸುವ ಮಾತೇ ಇಲ್ಲ. ತೆಳು ನೀರಿನ ಮೇಲೆ ದೂರದವರೆಗೂ ಬೂದು ಬಣ್ಣವೇ. ಎಲ್ಲವೂ ತಲೆ ಬಗ್ಗಿಸಿ ತಿನ್ನುತ್ತಿದ್ದವು. ನಡುನಡುವೆ ರಫ್ ಹಕ್ಕಿಗಳು, ಅಂಚಿನಲ್ಲಿ ಸೂಜಿಬಾಲದ ಬಾತುಗಳು.

ಕರಿಬಾಲದ ಗಾಡ್ವಿಟ್ ಹೇಗೆ ತಿನ್ನುತ್ತದೆ ಅಂತ ಒಂದು ಗಂಟೆಯ ಮೇಲೆ ನೋಡಿದೆವು. ಹತ್ತಿರದ ಒಂದರ ಮೇಲೆ ದುರ್ಬೀನು ನೆಟ್ಟು ಕೂತೆ. ಕೊಕ್ಕಿನ ಬುಡದ ಅರ್ಧಕ್ಕೂ ಹೆಚ್ಚು ಭಾಗ ನಸುಗೆಂಪು, ತುದಿ ಮಾತ್ರ ಕಪ್ಪು. ಎರಡು ಹೆಜ್ಜೆ ಹಾಕುತ್ತದೆ. ಕೊಕ್ಕು ಇಳಿಸುತ್ತದೆ, ಒಮ್ಮೊಮ್ಮೆ ಕಣ್ಣು ಮುಳುಗುವವರೆಗೂ. ತಲೆಯನ್ನು ಸ್ವಲ್ಪ ಅತ್ತಿತ್ತ ಆಡಿಸಿ ಹುಡುಕುತ್ತದೆ. ಸಿಕ್ಕಿದರೆ ನುಂಗಿ ಮತ್ತೆ ಎರಡು ಹೆಜ್ಜೆ. ಆ ಕೊಕ್ಕಿನ ತುದಿಯಲ್ಲಿ ನರಗಳು ದಟ್ಟವಾಗಿರುತ್ತವೆ. ಕೆಸರಿನೊಳಗೆ ಹುಳ ಎಲ್ಲಿದೆ ಅಂತ ಕಣ್ಣಿಗೆ ಕಾಣದಿದ್ದರೂ ಕೊಕ್ಕಿಗೆ ತಿಳಿಯುತ್ತದೆ. ಅಷ್ಟೇ ಅಲ್ಲ, ಇಡೀ ಬಾಯಿ ತೆರೆಯದೆ ತುದಿಯನ್ನಷ್ಟೇ ಬಿಡಿಸಿ ಹುಳ ಹಿಡಿಯಬಲ್ಲದು. ಇಷ್ಟನ್ನು ಮನಸ್ಸಿಗೆ ಇಳಿಸಿಕೊಂಡರೆ ಬೇರೆ ಥರ ತಿನ್ನುವ ಹಕ್ಕಿ ಗುಂಪಿನಲ್ಲಿದ್ದರೆ ತಾನಾಗಿ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಮೊದಲು ಗಾಡ್ವಿಟ್ ನೋಡಿ ಅಂದಿದ್ದು.

ಒಂಬತ್ತೂವರೆ ಸುಮಾರಿಗೆ ಜೌಗು ಸೆಳೆವ ಎಂಬ ಬೇಟೆ ಹಕ್ಕಿ ಜೊಂಡಿನ ಮೇಲಿಂದ ತಗ್ಗಾಗಿ ಹಾರಿ ಬಂತು. ಇಡೀ ಗುಂಪು ಒಮ್ಮೆಲೇ ಎದ್ದಿತು. ರೆಕ್ಕೆಯ ಬಿಳಿ ಪಟ್ಟಿ, ಬಿಳಿ ಸೊಂಟ, ಕಪ್ಪು ಬಾಲ ಎಲ್ಲ ಬಿಸಿಲಿಗೆ ಮಿಂಚಿದವು. ಎರಡು ಸುತ್ತು ಹಾಕಿ ನಮ್ಮ ಎಡಕ್ಕೆ, ಮೊದಲಿಗಿಂತ ಹತ್ತಿರದಲ್ಲಿ ಇಳಿದವು. ದೋಣಿಯವರು ಗಳು ನೆಲಕ್ಕೆ ಊರಿ ದೋಣಿ ನಿಲ್ಲಿಸಿದರು. ಕೈ ಚಾಚಿ ತೋರಿಸಲಿಲ್ಲ, ಗದ್ದ ಎತ್ತಿ ಆ ಕಡೆ ಸನ್ನೆ ಮಾಡಿದರು. ‘ಡೌವಿಚರ್.’

ಅವರು ಹೇಳಿದ ಕಡೆ ಮೊದಲು ಗಾಡ್ವಿಟ್‌ಗಳೇ ಕಂಡವು. ಆಮೇಲೆ ಎರಡು ಗಾಡ್ವಿಟ್‌ಗಳ ಸಂದಿನಲ್ಲಿ ಸ್ವಲ್ಪ ಗಿಡ್ಡದೊಂದು. ಅವುಗಳಿಗೆ ತೊಡೆಯವರೆಗೆ ಬಂದ ನೀರು ಇದಕ್ಕೆ ಹೊಟ್ಟೆ ಮುಟ್ಟುತ್ತಿತ್ತು. ಕೊಕ್ಕು ಬುಡದಿಂದ ತುದಿಯವರೆಗೂ ಕಪ್ಪು, ನೇರ, ತುದಿಯಲ್ಲಿ ಚೂರು ದಪ್ಪ. ತಿನ್ನುವ ಬಗೆ ಪೂರ್ತಿ ಬೇರೆ. ಹೊಲಿಗೆ ಯಂತ್ರದ ಸೂಜಿಯ ಹಾಗೆ ಕೊಕ್ಕು ಟಕಟಕ ಅಂತ ಒಂದೇ ಲಯದಲ್ಲಿ ನೇರ ಮೇಲೆ ಕೆಳಗೆ. ತಲೆ ಎತ್ತುವುದೇ ಅಪರೂಪ. ತಲೆ, ಕುತ್ತಿಗೆ, ಬೆನ್ನು ಒಟ್ಟಿಗೆ ಆಡುತ್ತಿದ್ದವು. ಕಣ್ಣಿನ ಮೇಲೆ ಮಸುಕು ಬಿಳಿ ಹುಬ್ಬು. ಬೆನ್ನಿನ ಗರಿಗಳ ಅಂಚು ತಿಳಿ. ಒಮ್ಮೆ ಪಕ್ಕದ ಗಾಡ್ವಿಟ್ ಕುಟುಕಲು ಬಂದಾಗ ರೆಕ್ಕೆ ಮೇಲೆತ್ತಿ ಪಕ್ಕಕ್ಕೆ ಹಾರಿತು. ರೆಕ್ಕೆಯ ಒಳಭಾಗ ಬೆಳ್ಳಗಿತ್ತು, ಮೇಲೆ ಗಾಡ್ವಿಟ್‌ನ ದಪ್ಪ ಬಿಳಿ ಪಟ್ಟಿ ಇರಲಿಲ್ಲ. ಇನ್ನು ಅನುಮಾನಕ್ಕೆ ಜಾಗವೇ ಇಲ್ಲ. ಗೆಳೆಯ ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡಿದ್ದ, ಬಿಡಲು ಮರೆತಿದ್ದ.

ಹತ್ತಿರ ಹೋಗೋಣವಾ ಅಂತ ನಾವು ಕೇಳಲಿಲ್ಲ. ದೋಣಿಯವರೂ ಹೋಗಲಿಲ್ಲ. ನಾವು ಒಂದು ಮಾರು ಮುಂದೆ ಹೋದರೆ ಸಾವಿರಾರು ಹಕ್ಕಿಗಳು ಏಳುತ್ತವೆ. ಹಗಲೆಲ್ಲ ತಿಂದು ಕೊಬ್ಬು ಕೂಡಿಸಿಕೊಳ್ಳಬೇಕಾದ ಜೀವಗಳವು. ಮಾರ್ಚ್, ಏಪ್ರಿಲ್‌ನಲ್ಲಿ ಮರಳಿ ಉತ್ತರಕ್ಕೆ ಹಾರಲು ಆ ಕೊಬ್ಬೇ ಆಧಾರ. ಸುಮ್ನೆ ಒಂದು ಫೋಟೋಗೆ ಎಬ್ಬಿಸುವುದು ತಪ್ಪು. ಹಕ್ಕಿ ನಮ್ಮೆದುರು ಅರ್ಧ ತಾಸು ತಿಂದಿತು. ನಂತರ ಗುಂಪಿನೊಳಗೆ ಸೇರಿ ಮರೆಯಾಯಿತು.

ಮಧ್ಯಾಹ್ನ ಏರಿಯ ಮೇಲೆ ಕೂತು ಇದರ ಬಗ್ಗೆಯೇ ಮಾತು. ವಲಸೆಯ ಹೊತ್ತಿನಲ್ಲಿ ಜಗತ್ತಿನ ಡೌವಿಚರ್‌ಗಳಲ್ಲಿ ಬಹುಪಾಲು ಚೀನಾದ ಲಿಯಾನ್‌ಯುನ್‌ಗಾಂಗ್ ಕರಾವಳಿಯಲ್ಲಿ ತಂಗುತ್ತವೆ. ಹಳದಿ ಸಮುದ್ರದ ಸುತ್ತ ಅಂಥ ಕೆಸರು ಬಯಲುಗಳನ್ನು ಮಣ್ಣು ತುಂಬಿ ಬಂದರು, ಕಾರ್ಖಾನೆ ಮಾಡುತ್ತಾ ಬಂದಿದ್ದಾರೆ. ಒಂದು ಜಾತಿಯ ಹಕ್ಕಿ ಒಂದೇ ತೀರವನ್ನು ಅಷ್ಟೊಂದು ನೆಚ್ಚಿಕೊಂಡಿದೆ ಅಂದರೆ ಭಯವಾಗುತ್ತದೆ, ಅಲ್ವಾ? ಅಳಿವಿನ ಅಪಾಯ ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಪಟ್ಟಿಯಲ್ಲಿ ಡೌವಿಚರ್ ಅಪಾಯದ ಸಮೀಪಕ್ಕೆ ಬಂದ ಹಕ್ಕಿ. ಆದರೆ ಬೆಳಿಗ್ಗೆ ಸಾವಿರಗಟ್ಟಲೆ ಕಂಡ ಕರಿಬಾಲದ ಗಾಡ್ವಿಟ್ ಕೂಡ ಅದೇ ವರ್ಗದಲ್ಲಿದೆ! ಯೂರೋಪಿನಲ್ಲಿ ಅದು ಮರಿ ಮಾಡುವ ಹುಲ್ಲುಗಾವಲುಗಳು ಕೃಷಿಯಿಂದ ಕೆಟ್ಟಿವೆ. ಇಲ್ಲಿ ಕಾಣುವ ಗುಂಪು ನೋಡಿ ‘ಬೇಕಾದಷ್ಟಿವೆ’ ಅಂದುಕೊಳ್ಳುವ ಹಾಗಿಲ್ಲ. ಅಪರೂಪದ್ದನ್ನು ನೋಡಲು ಬಂದವರು ನಾವು. ಆದರೆ ಅಪರೂಪದ್ದು ಇಲ್ಲಿ ಉಳಿದಿರುವುದೇ ಈ ಗುಂಪಿನ ಆಸರೆಯಲ್ಲಿ. ಸಾವಿರ ಕಣ್ಣು ಕಾವಲಿದ್ದರೆ ಒಂದು ಡೌವಿಚರ್ ತಲೆ ಎತ್ತದೆ ತಿನ್ನಬಹುದು.

ಸಂಜೆ ಮತ್ತೆ ದೋಣಿ. ಬೈಲನ್ಸ್ ಕ್ರೇಕ್ ಜೊಂಡಿನ ಬುಡದಲ್ಲಿ ಕ್ಷಣ ಹೊತ್ತು ಕಂಡಿತು. ಹಿಂದೆಯೇ ಉಲ್ಲಂಕಿಗಳು, ನೀಲಿ ಕತ್ತಿನ ಬ್ಲೂಥ್ರೋಟ್.

ಶನಿವಾರ: ನಲಬಾಣ

ಬಾಲುಗಾಂವ್‌ನಿಂದ ಮೋಟಾರ್ ದೋಣಿಯಲ್ಲಿ ನಲಬಾಣದ ಕಡೆ ಹೊರಟೆವು. ಸರೋವರದ ನಡುವೆ 15 ಚದರ ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚಿರುವ ಜೊಂಡಿನ ದ್ವೀಪ ಇದು. ಪಕ್ಷಿಧಾಮ. ಮಳೆಗಾಲದಲ್ಲಿ ಪೂರ್ತಿ ಮುಳುಗುತ್ತದೆ, ಚಳಿಗಾಲಕ್ಕೆ ಮೇಲೆ ಬರುತ್ತದೆ. ದ್ವೀಪದ ನಡುಭಾಗಕ್ಕೆ ಬಿಡುವುದಿಲ್ಲ, ಬಿಡಬಾರದೂ ಕೂಡ. ದೂರದಿಂದಲೇ ರಾಜಹಂಸಗಳ ನಸುಗೆಂಪು ಗೆರೆ, ಪಟ್ಟೆತಲೆ ಹೆಬ್ಬಾತುಗಳು, ಬಾತುಗಳ ದಟ್ಟ ಗುಂಪು ಕಂಡವು. ಹೆಬ್ಬಾತು ನೋಡಿದಾಗ ಗದಗ ಜಿಲ್ಲೆಯ ಮಾಗಡಿ ಕೆರೆ ನೆನಪಾಯಿತು. ಹಿಮಾಲಯದ ಆಚೆಯಿಂದ ಬರುವ ಅದೇ ಹಕ್ಕಿ ಅಲ್ಲಿಗೂ ಬರುತ್ತದೆ.

ಕೆಸರು ಕೆದಕುವ ಹಕ್ಕಿಗಳ ದೃಷ್ಟಿಯಿಂದ ಈ ದಿನ ಅಷ್ಟೇನೂ ಸಿಗಲಿಲ್ಲ. ಗಾಳಿ ಜೋರಿತ್ತು, ದೋಣಿ ಅಲುಗಾಡುತ್ತಿತ್ತು, ದೂರ ಜಾಸ್ತಿ. ಚಿಲಿಕಾದಲ್ಲಿ ಪ್ರತಿ ಜನವರಿ ಹಕ್ಕಿ ಗಣತಿ ನಡೆಯುತ್ತದೆ. ಈಚಿನ ವರ್ಷಗಳಲ್ಲಿ ಒಟ್ಟು ಲೆಕ್ಕ ಹನ್ನೊಂದು ಲಕ್ಷದ ಆಸುಪಾಸಿನಲ್ಲಿದೆ. ಬಾತುಗಳನ್ನು ದೂರದಿಂದ ಎಣಿಸಬಹುದು. ಸಣ್ಣ ಗೊರವಗಳ ನಡುವೆ ಒಂದು ಡೌವಿಚರ್ ಇದೆಯಾ ಅಂತ ತಿಳಿಯಬೇಕಾದರೆ ಶುಕ್ರವಾರದ ಹಾಗೆ ಕೂರಬೇಕು.

ದಾರಿಯಲ್ಲಿ ನೀರಿನಲ್ಲಿ ಬಿದಿರು ನೆಟ್ಟು ಬಲೆ ಸುತ್ತಿದ ಆವರಣಗಳು ಅಲ್ಲಲ್ಲಿ ಕಂಡವು. ಸೀಗಡಿ ಸಾಕುವ ಇಂಥವಕ್ಕೆ ಇಲ್ಲಿ ‘ಘೇರಿ’ ಅನ್ನುತ್ತಾರೆ. ನೀರಿನ ಓಟ ತಡೆದು ಹೂಳು ತುಂಬಿಸುತ್ತವೆ, ಸಣ್ಣ ಮೀನುಗಾರರ ದಾರಿಯನ್ನೂ ಕಟ್ಟುತ್ತವೆ. ಸರ್ಕಾರ ಆಗಾಗ ಕಿತ್ತುಹಾಕಿಸುತ್ತದೆ, ಮತ್ತೆ ಏಳುತ್ತವೆ. ಇದು ನಿಲ್ಲಲೇಬೇಕು. ರಾತ್ರಿಗೆ ಪುರಿ ಸೇರಿದೆವು.

ಭಾನುವಾರ: ಸಾತಪಾಡಾ ಮತ್ತು ಅಳಿವೆ

ಪುರಿಯಿಂದ ಸಾತಪಾಡಾ ಐವತ್ತು ಕಿಲೋಮೀಟರ್. ಹೆಚ್ಚಿನವರು ಇಲ್ಲಿಗೆ ಇರವಾಡಿ ಡಾಲ್ಫಿನ್ ನೋಡಲು ಬರುತ್ತಾರೆ. ನಮಗೂ ಬೂದು ಬಣ್ಣದ ದುಂಡು ತಲೆ, ಸಣ್ಣ ಬೆನ್ನುರೆಕ್ಕೆ ಕಂಡವು. ಎಂಜಿನ್ ಆಫ್ ಮಾಡಿ ಅಂತ ಕೇಳಿಕೊಂಡೆವು. ದೋಣಿಯ ಹುಡುಗ ತಕ್ಷಣ ಮಾಡಿದ.

ನಾವು ಬಂದದ್ದು ಅಳಿವೆ ನೋಡಲು. 1981ರಲ್ಲಿ ಚಿಲಿಕಾ ಜಗತ್ತಿನ ಮುಖ್ಯ ಜೌಗುಗಳ ರಾಮ್‌ಸಾರ್ ಪಟ್ಟಿ ಸೇರಿತು. ಭಾರತದ ಮೊದಲ ರಾಮ್‌ಸಾರ್ ತಾಣಗಳಲ್ಲಿ ಇದೂ ಒಂದು. ಆಮೇಲೆ ಸಮುದ್ರದ ಬಾಯಿ ಹೂಳಿನಿಂದ ಮುಚ್ಚುತ್ತಾ ಬಂತು. ಉಪ್ಪು ಕಡಿಮೆಯಾಯಿತು, ಕಳೆ ಹಬ್ಬಿತು, ಮೀನು ಇಳಿಯಿತು. 1993ರಲ್ಲಿ ಅಪಾಯದಲ್ಲಿರುವ ಜೌಗುಗಳ ಮಾಂಟ್ರೊ ದಾಖಲೆಗೆ ಇದರ ಹೆಸರು ಹೋಯಿತು. 2000ದ ಸೆಪ್ಟೆಂಬರ್‌ನಲ್ಲಿ ಸಾತಪಾಡಾ ಬಳಿ ಹೊಸ ಬಾಯಿ ತೋಡಿದರು. ಸಮುದ್ರದ ನೀರು ಒಳಗೆ ಬಂತು, ಮೀನು ಕೆಲವೇ ವರ್ಷದಲ್ಲಿ ಹಲವು ಪಟ್ಟು ಹೆಚ್ಚಿತು, 2002ರಲ್ಲಿ ಆ ದಾಖಲೆಯಿಂದ ಹೆಸರು ತೆಗೆದರು. ಏಷ್ಯಾದಲ್ಲಿ ಹಾಗೆ ಹೊರಬಂದ ಮೊದಲ ಜೌಗು ಇದು. ನಂತರ 2019ರ ಫನಿ ಚಂಡಮಾರುತ ಮರಳು ದಿಬ್ಬವನ್ನು ಇನ್ನೂ ಕೆಲವು ಕಡೆ ಒಡೆಯಿತು. ಹೀಗೆ ಬಾಯಿ ಜಾಗ ಬದಲಿಸುತ್ತಲೇ ಇರುತ್ತದೆ. ನಮ್ಮ ಅಘನಾಶಿನಿ ಅಳಿವೆ ರಾಮ್‌ಸಾರ್ ಪಟ್ಟಿ ಸೇರಿದ್ದು 2024ರಲ್ಲಿ. ಅಲ್ಲಿನ ಚಿಪ್ಪು ಹೆಕ್ಕುವವರ ಕೆಸರು ಬಯಲನ್ನು ಮುಟ್ಟುವ ಮೊದಲು ಎಲ್ಲರೂ ಚಿಲಿಕಾದ ಈ ಕಥೆ ಓದಬೇಕು. ಕೆಟ್ಟ ಮೇಲೆ ಸರಿ ಮಾಡುವುದಕ್ಕೆ ಎಷ್ಟು ವರ್ಷ, ಎಷ್ಟು ದುಡ್ಡು ಹೋಗುತ್ತದೆ ಅಂತ ಇಲ್ಲಿ ಗೊತ್ತಾಗುತ್ತದೆ.

ನೀರು ಇಳಿದ ಹೊತ್ತು. ಮರಳಿನ ಅಂಚಿನಲ್ಲಿ ಕರ್ಲ್ಯೂ ಹಕ್ಕಿಗಳು ಬಾಗಿದ ಉದ್ದ ಕೊಕ್ಕನ್ನು ಏಡಿ ಬಿಲಕ್ಕೆ ತೂರಿಸುತ್ತಿದ್ದವು. ಒಂದು ಏಡಿಯನ್ನು ಎಳೆದು, ಕೊಡವಿ, ಕಾಲುಗಳನ್ನು ಒಂದೊಂದಾಗಿ ಉದುರಿಸಿ ನುಂಗಿದ್ದನ್ನು ನೋಡಿದೆವು. ಸ್ಯಾಂಡ್ ಪ್ಲೋವರ್‌ಗಳು ಓಡುತ್ತಾ ನಿಲ್ಲುತ್ತಾ ಇದ್ದವು. ಪಟ್ಟೆಬಾಲದ ಗಾಡ್ವಿಟ್ ಒಂದು ಒಂಟಿಯಾಗಿ ಸಿಕ್ಕಿತು, ಕೊಕ್ಕು ಸ್ವಲ್ಪ ಮೇಲಕ್ಕೆ ಬಾಗಿತ್ತು. ಇದೇ ಜಾತಿಯ ಹಕ್ಕಿಯೊಂದು 2022ರಲ್ಲಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರ್ ಎಲ್ಲೂ ಇಳಿಯದೆ ಹಾರಿದೆ. ಚಿಲಿಕಾಕ್ಕೆ ಬರುವವು ಬೇರೆ ದಾರಿಯವು, ಆದರೆ ಹಾರುವ ಮೈ ಅದೇ.

ಹೋಗುವ ಆಸೆ ಇದ್ದವರಿಗೆ ಎರಡು ಮಾತು. ಡಿಸೆಂಬರ್‌ನಿಂದ ಫೆಬ್ರವರಿ ಹಕ್ಕಿಗಳ ಸಂಖ್ಯೆ ಜಾಸ್ತಿ. ಮಂಗಳಾಜೋಡಿಗೆ ಕನಿಷ್ಠ ಒಂದು ಪೂರ್ತಿ ಬೆಳಿಗ್ಗೆ ಕೊಡಿ, ಊರಿನವರ ದೋಣಿಯನ್ನೇ ಹಿಡಿಯಿರಿ, ಅವರು ನಿಲ್ಲಿಸಿದ ಕಡೆ ನಿಲ್ಲಿ. ಡೌವಿಚರ್ ಕಂಡರೆ ದಿನ, ಹೊತ್ತು, ಎಷ್ಟು ಹಕ್ಕಿ ಅಂತ ಹಕ್ಕಿ ದಾಖಲೆಯ ಜಾಲತಾಣ ಇ-ಬರ್ಡ್‌ಗೆ ಹಾಕಿ, ಸಂಶೋಧಕರಿಗೆ ಉಪಯೋಗಕ್ಕೆ ಬರುತ್ತದೆ. ನಾವು ಮುಂದಿನ ಸಲ ಮಾರ್ಚ್ ಕೊನೆಗೆ ಹೋಗುತ್ತೇವೆ. ಆಗ ಬಿಸಿಲು ಜೋರು, ಹಕ್ಕಿಗಳೂ ಹೊರಡುವ ಅವಸರದಲ್ಲಿರುತ್ತವೆ. ಆದರೆ ಡೌವಿಚರ್‌ನ ಎದೆ, ಕುತ್ತಿಗೆಗೆ ಇಟ್ಟಿಗೆಗೆಂಪು ಬಣ್ಣ ಏರುತ್ತಿರುತ್ತದೆ. ಆ ಬಣ್ಣದಲ್ಲೂ ಅದನ್ನು ಒಮ್ಮೆ ನೋಡಬೇಕು.